ಹೆಬ್ಬೆಟ್ಟು ಒತ್ತದವರ ಊರುಗಳಲ್ಲಿ ನಾಲ್ಕು ದಿನ

ಬೆಳಿಗ್ಗೆ ಏಳಕ್ಕೆ ಹೊರಡಬೇಕಾಗಿದ್ದ ಶಿಕಾರಿಪುರದ ಮೋಟಾರು ಶಿವಮೊಗ್ಗೆಯನ್ನು ಬಿಟ್ಟದ್ದು ಎಂಟೂಕಾಲಿಗೆ. ಟಿಕೆಟ್ಟಿನ ದರ ಒಂದು ರೂಪಾಯಿ ಎರಡಾಣೆ ಎಂದು ಕಂಡಕ್ಟರು ಹೇಳಿದ. ಹೊಸ ಪೈಸೆಯ ಲೆಕ್ಕದಲ್ಲಿ ಎಷ್ಟು ಎಂದು ಕೇಳಿದ್ದಕ್ಕೆ, ಹಳೆಯ ಲೆಕ್ಕದಲ್ಲೇ ಕೊಟ್ಟರೆ ಇಬ್ಬರಿಗೂ ಸುಖ ಎಂದ. ನನ್ನ ತೊಡೆಯ ಮೇಲೆ ಒಂದು ಚರ್ಮದ ಚೀಲ. ಅದರಲ್ಲಿ ಎರಡು ಜೊತೆ ಬಟ್ಟೆ, ನಾಲ್ಕು ಪೊಟ್ಟಣ ಕಲ್ಲುಸಕ್ಕರೆ, ಒಂದು ಕಾಗದ, ಮತ್ತು ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮಸಿಯ ತಗಡಿನ ಡಬ್ಬಿ. ಇಷ್ಟು ಸಾಮಾನಿನಿಂದ ನಾಲ್ಕು ದಿನದಲ್ಲಿ ನಮ್ಮ ಶಾಲೆಯನ್ನು ಉಳಿಸಿಬಿಡುತ್ತೇನೆಂದು ನಂಬಿ ಹೊರಟಿದ್ದೆ.

ಶಾಲೆಯೆಂದರೆ ನಮ್ಮ ಕಾನೂನು ಶಾಲೆ. ಹುಟ್ಟಿ ಇನ್ನೂ ವರ್ಷ ತುಂಬಿರಲಿಲ್ಲ. ಅಕ್ಕಿಯ ಗೋದಾಮಿನ ಮಹಡಿಯ ಮೇಲೆ ಸಂಜೆ ಆರರಿಂದ ಪಾಠ. ಇಪ್ಪತ್ತೆರಡು ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹಗಲು ಗುಮಾಸ್ತರು ಇಲ್ಲವೆ ಮಾಸ್ತರರು. ಇಬ್ಬರು ಹೆಂಗಸರೂ ಇದ್ದಾರೆ. ನಾನು ಅಲ್ಲಿ ಒಪ್ಪಂದದ ಕಾನೂನು ಕಲಿಸುತ್ತೇನೆ. ಶಾಲೆ ಶುರುವಾದಾಗ ಪ್ರಾಂಶುಪಾಲರು ಒಂದು ಕಟ್ಟುಪಾಡು ಮಾಡಿದ್ದರು. ಪ್ರತಿಯೊಬ್ಬ ವಿದ್ಯಾರ್ಥಿಯೂ ಸರದಿಯ ಮೇಲೆ ಸಂತೆಯ ಊರಿಗೆ ಹೋಗಿ ಒಂದು ಜಗಲಿಯ ಮೇಲೆ ಕೂತು, ಓದು ಬಾರದವರು ತಂದ ಕಾಗದಗಳನ್ನು ಓದಿ ಹೇಳಬೇಕು. ಗೇಣಿಚೀಟಿ, ನೋಟೀಸು, ಪಹಣಿಯ ನಕಲು, ಏನೇ ಇರಲಿ. ವಾದ ಮಾಡುವಂತಿಲ್ಲ, ಓದಿ ಅರ್ಥ ಹೇಳಿದರೆ ಮುಗಿಯಿತು. ಜನ ಅದಕ್ಕೆ ಕಾಗದದ ಜಗಲಿ ಎಂದು ಹೆಸರಿಟ್ಟರು. ಅದು ನಡೆದದ್ದೇ ಶಿಕಾರಿಪುರ, ಸೊರಬದ ಕಡೆಯ ಕೆಲವರ ನೆರವಿನಿಂದ. ಅವರ ಮನೆಗಳಿಗೆ ಹೋಗಿ ಕೃತಜ್ಞತೆ ಹೇಳಿ ಬರುವುದು ನನ್ನ ಮೊದಲನೆಯ ಕೆಲಸ. ಕಲ್ಲುಸಕ್ಕರೆ ಅದಕ್ಕೆ.

ಎರಡನೆಯ ಕೆಲಸ ಕಾಗದದ್ದು. ನಮಗೆ ಮೊದಲ ವರ್ಷದ ತರಗತಿಗೆ ಮಾತ್ರ ಮಂಜೂರಾತಿ ಇತ್ತು. ಎರಡನೆಯ ವರ್ಷದ್ದನ್ನು ವಿಶ್ವವಿದ್ಯಾನಿಲಯದ ಸಮಿತಿ ಕೊಡಬೇಕು. ಅದು ಸಿಗದಿದ್ದರೆ ನಮ್ಮ ಇಪ್ಪತ್ತೆರಡು ಮಂದಿಯ ಓದು ಅರ್ಧಕ್ಕೆ ನಿಲ್ಲುತ್ತದೆ. ಹೊಟ್ಟೆಪಾಡಿನ ಕೆಲಸ ಬಿಟ್ಟು ಬೆಂಗಳೂರಿಗೋ ಮೈಸೂರಿಗೋ ಹೋಗಿ ಓದುವ ತಾಕತ್ತು ಅವರಲ್ಲಿ ಯಾರಿಗೂ ಇಲ್ಲ. ಸಮಿತಿಯ ಅಧ್ಯಕ್ಷರು ನಿವೃತ್ತ ಜಿಲ್ಲಾ ನ್ಯಾಯಾಧೀಶರು. ನಗುವುದನ್ನು ಯಾರೂ ಕಂಡಿಲ್ಲ ಎಂದು ಖ್ಯಾತಿ. ವಕೀಲರು ಬರೆದ ಪ್ರಶಂಸೆಯ ಪತ್ರಗಳನ್ನೆಲ್ಲ ಅವರು ಬದಿಗೆ ಸರಿಸಿ, "ಇವರು ಹೊಗಳುತ್ತಾರೆ, ಬಿಡಿ. ಜಗಲಿಗೆ ಬಂದ ರೈತರು ಏನು ಹೇಳುತ್ತಾರೆ? ಇಪ್ಪತ್ತೈದು ಮಂದಿಯ ರುಜುವೋ ಹೆಬ್ಬೆಟ್ಟೋ ಇರುವ ಪತ್ರ ತನ್ನಿ, ನೋಡೋಣ" ಎಂದಿದ್ದರು. ನಾನು ಹೊರಟ ದಿನದಿಂದ ಐದನೆಯ ದಿನಕ್ಕೆ ಸಮಿತಿ ಮತ್ತೆ ಸೇರುವುದಿತ್ತು.

ಪತ್ರವನ್ನು ನಾನೇ ಎರಡು ಸಂಜೆ ಕೂತು ಬರೆದೆ. ಬರವಣಿಗೆಯ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿದೆ, ಅದನ್ನು ಮುಚ್ಚಿಡುವುದಿಲ್ಲ. "ಅಜ್ಞಾನಾಂಧಕಾರದಲ್ಲಿ ತೊಳಲುತ್ತಿದ್ದ ಗ್ರಾಮಸ್ಥರಾದ ನಾವು, ಸದರಿ ಶಾಲೆಯ ಅನನ್ಯಸಾಧಾರಣವಾದ ಉಚಿತ ಸೇವೆಯಿಂದ ನಮ್ಮ ವ್ಯಾಜ್ಯಗಳಲ್ಲಿ ಜಯಶಾಲಿಗಳಾಗಿ" ಎಂದು ಮೊದಲಾಗಿ, ಒಂದೇ ವಾಕ್ಯ ಪುಟದ ಮುಕ್ಕಾಲು ಭಾಗಕ್ಕೆ ಇಳಿದು ಬಂದಿತ್ತು. ಪ್ರಾಂಶುಪಾಲರು ಓದಿ, ಉಸಿರು ತೆಗೆದುಕೊಂಡು, ಚೆನ್ನಾಗಿದೆ ಎಂದರು.

ಸವಳಂಗದಲ್ಲಿ ಮೋಟಾರು ನೀರು ಕುಡಿಯಲು ಅರ್ಧ ಗಂಟೆ ನಿಂತಿತು. ಪುಷ್ಯದ ಚಳಿ, ಕೆರೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಒಂದು ಲೋಟ ಕಾಫಿ ಕುಡಿದು, ಬೆಲ್ಲ ಹಾಕಿದ್ದಾರೆಂದು ಗೊಣಗಿ, ಚಳಿಗೆ ಇನ್ನೊಂದು ಲೋಟ ಕುಡಿದೆ. ಮೂವತ್ತೆರಡು ಮೈಲಿಯ ದಾರಿ ಮುಗಿಸಿ ಶಿಕಾರಿಪುರದಲ್ಲಿ ಇಳಿದಾಗ ಹನ್ನೊಂದೂವರೆ, ನನ್ನ ಕಪ್ಪು ಕೋಟು ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

ಅಲ್ಲಿ ನಮಗೆ ಬೇಕಾದವರು ನರಸಿಂಗರಾಯರು. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾಗಿ ದೊಡ್ಡ ಕೆರೆಯ ಹತ್ತಿರ ಮನೆ ಮಾಡಿದ್ದಾರೆ. ತಮ್ಮ ಜೀವಮಾನವೆಲ್ಲ ಕೂಡಿಟ್ಟ ಕಾನೂನು ವರದಿಗಳನ್ನು, ಎರಡು ಬೀರುಗಳ ಸಮೇತ, ಗಾಡಿ ಮಾಡಿ ಶಾಲೆಗೆ ಕಳಿಸಿದವರು ಅವರು. ನಾನು ಕೂರುವ ಮೊದಲೇ ಆ ಪುಸ್ತಕಗಳ ಯೋಗಕ್ಷೇಮವನ್ನು, ಮದುವೆ ಮಾಡಿ ಕಳಿಸಿದ ಹೆಣ್ಣುಮಕ್ಕಳದ್ದೆಂಬಂತೆ, ಒಂದೊಂದಾಗಿ ವಿಚಾರಿಸಿದರು. ಬೆನ್ನು ಬಿಟ್ಟಿದ್ದ ಸಂಪುಟಕ್ಕೆ ಹೊಸ ರಟ್ಟು ಹಾಕಿಸಿದ್ದೇವೆ, ಗೆದ್ದಲು ಬಾರದಂತೆ ಬೀರುವಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟಿದ್ದೇವೆ, ಮೂರನೆಯ ಬೀರುವೂ ಬಂದಿದೆ ಎಂದು ನಾನು ವರದಿ ಒಪ್ಪಿಸಿದೆ. ಪ್ರಾಂಶುಪಾಲರ ಕೃತಜ್ಞತೆ ಹೇಳಿ ಕಲ್ಲುಸಕ್ಕರೆ ಕೊಟ್ಟಾಗ ಮುದುಕರ ಕಣ್ಣು ಒದ್ದೆಯಾಯಿತು.

ಊಟಕ್ಕೆ ಅವರೆಕಾಳಿನ ಹುಳಿ, ಬಿಸಿ ಅನ್ನ, ಕೆನೆಮೊಸರು. ಊಟವಾದ ಮೇಲೆ ಪತ್ರ ತೋರಿಸಿದೆ. ಕನ್ನಡಕ ಏರಿಸಿಕೊಂಡು ಓದಿದರು.

"ಇದನ್ನ ಬರೆದದ್ದು ಯಾರು?"

"ರೈತರ ಪರವಾಗಿ ನಾನೇ."

"ರೈತರಿಗೆ ಓದಿ ಹೇಳಿದೀರೋ?"

"ನಾಳೆ ಶಿರಾಳಕೊಪ್ಪದ ಸಂತೇಲಿ ಓದ್ತೀನಿ. ಅಲ್ಲೇ ಒತ್ತಿಸ್ಕೊಂಡುಬಿಟ್ರೆ ಆಯ್ತು."

ಅವರು ಮೀಸೆಯ ಕೆಳಗೇ ನಕ್ಕರು. "ನನ್ನ ರುಜು ಬೇಕಾದ್ರೆ ಈಗ್ಲೇ ಹಾಕ್ತೀನಿ. ಮೂವತ್ತು ವರ್ಷ ಓದದೇನೇ ರುಜು ಹಾಕಿ ಪೆನ್ಷನ್ ತಗೊಂಡೋನು ನಾನು. ಅವ್ರು ಹಂಗಲ್ಲ ರೀ. ನಿಮ್ಮ ಹುಡುಗ್ರು ಅವರನ್ನ ಕೆಡಿಸಿಟ್ಟಾರೆ." ಏನು ಕೆಡಿಸಿದ್ದಾರೆಂದು ಕೇಳಿದರೆ ಹೇಳಲಿಲ್ಲ. ಹೋಗಿ ನೋಡಿ ಎಂದು ಎಲೆಯಡಿಕೆ ಮುಂದಿಟ್ಟರು.

ಮರುದಿನ ಹತ್ತರ ಹೊತ್ತಿಗೆ ಶಿರಾಳಕೊಪ್ಪ. ಹನ್ನೆರಡು ಮೈಲಿಯಷ್ಟೇ ಆದರೂ ಸಂತೆಯ ದಿನವಾದ್ದರಿಂದ ಮೋಟಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬ ಗೃಹಸ್ಥರ ಮೆಣಸಿನಕಾಯಿ ಚೀಲದ ಮೇಲೆ ಕೂತು ಬಂದೆ. ಇಳಿಯುವವರೆಗೂ ಇಬ್ಬರೂ ಸೀನಿದೆವು. ಊರು ಗಿಜಿಗುಡುತ್ತಿತ್ತು. ಬೆಲ್ಲದ ಪೆಂಟೆ, ಎತ್ತಿನ ಹಗ್ಗ, ಮಂಡಕ್ಕಿಯ ರಾಶಿ, ಕೂಗಾಟ. ಎರಡಾಣೆಯ ಮಂಡಕ್ಕಿ ಮೆಣಸಿನಕಾಯಿ ತಿಂದು ಇಮಾಂ ಸಾಬರ ಅಂಗಡಿ ಹುಡುಕಿದೆ.

ಇಮಾಂ ಸಾಬರದು ಹಾಸಿಗೆಯ ಅಂಗಡಿ. ಅದರ ಜಗಲಿಯೇ ನಮ್ಮ ಕಾಗದದ ಜಗಲಿ. ಹತ್ತಿ ಹೊಡೆಯುವ ಬಿಲ್ಲನ್ನು ಸಂತೆಯ ದಿನ ಮೂಲೆಗಿಟ್ಟು, ಓದುವಾಗ ಸದ್ದಾಗಬಾರದೆಂದು ತಮ್ಮ ಕೆಲಸವನ್ನೇ ನಿಲ್ಲಿಸುವ ಪುಣ್ಯಾತ್ಮ ಅವರು. ಸಂತೆಯ ದಿನದ ವ್ಯಾಪಾರ ಬಿಡುವುದೆಂದರೆ ಏನೆಂದು ವ್ಯಾಪಾರಿಗಳಿಗೆ ಗೊತ್ತು. ನಾನು ಕೃತಜ್ಞತೆ ಹೇಳಿದೆ. ಅವರು ಕಲ್ಲುಸಕ್ಕರೆಯ ಪೊಟ್ಟಣವನ್ನು ಅಲ್ಲೇ ಬಿಚ್ಚಿ ಜಗಲಿಗೆ ಬಂದವರಿಗೆಲ್ಲ ಹಂಚಿಬಿಟ್ಟರು. ಮೂವತ್ತು ಮಂದಿಯಾದರೂ ಸೇರಿದ್ದರು; ಸುತ್ತಲ ಹಳ್ಳಿಯ ರೈತರು, ಕುರಿ ಸಾಕುವವರು. ಎಲ್ಲರೂ ವರ್ಷದಲ್ಲಿ ಒಮ್ಮೆಯಾದರೂ ನಮ್ಮವರಿಂದ ಕಾಗದ ಓದಿಸಿದವರು. ಕೋಟಿನ ಗುಂಡಿ ಹಾಕಿಕೊಂಡು, ನನ್ನ ಪತ್ರವನ್ನು ಏರುದನಿಯಲ್ಲಿ ಓದಿದೆ. ತಲೆದೂಗಿ ಕೇಳಿದರು. ಮಸಿಯ ಡಬ್ಬಿ ತೆರೆದೆ. ಒಬ್ಬರೂ ಮುಂದೆ ಬರಲಿಲ್ಲ.

"ಇನ್ನೊಮ್ಮೆ ಓದಿಸ್ರಿ" ಎಂದರು ಇಮಾಂ ಸಾಬರು.

ನಾನು ಮತ್ತೆ ಕಾಗದ ಎತ್ತಿದೆ.

"ನೀವಲ್ಲರೀ. ಬ್ಯಾರೆಯವ್ರು ಓದಬೇಕು."

ಎದುರಿನ ತಂಬಾಕಿನ ಅಂಗಡಿಯವರನ್ನು ಕರೆದು ಓದಿಸಿದರು. ಅವರು ಅಜ್ಞಾನಾಂಧಕಾರದಲ್ಲಿ ಎರಡು ಸಲ ಎಡವಿದರೂ ಓದಿ ಮುಗಿಸಿದರು. ಜನ ಮತ್ತೆ ತಲೆದೂಗಿ, ಚೀಲ, ಬುಟ್ಟಿ ಎತ್ತಿಕೊಂಡು ಮೆಲ್ಲಗೆ ಹೊರಡಲು ಅಣಿಯಾದರು.

"ಒತ್ತೋದಿಲ್ವೆ?" ಎಂದೆ.

"ಇವತ್ತು ಹೆಂಗ ಒತ್ತೋದ್ರಿ?" ಎಂದರು ಮುಂದೆ ನಿಂತಿದ್ದ ಒಬ್ಬ ಹೆಂಗಸು. ವಯಸ್ಸು ಐವತ್ತರ ಮೇಲೆ, ಹೆಗಲ ಮೇಲೆ ಕಂಬಳಿ. "ಕಾಗದ ಒಂದು ರಾತ್ರಿ ನಮ್ಮ ಮನ್ಯಾಗ ಮಲಗಬೇಕಲ್ಲ. ನಿಮ್ಮ ಶಾಲಿಯವ್ರೇ ಹೇಳ್ಯಾರ."

ಆಗ ಹೊಳೆಯಿತು. ಜಗಲಿಯ ಮೇಲೆ ನಮ್ಮ ವಿದ್ಯಾರ್ಥಿಗಳು ಪ್ರತಿ ವಾರ ಮೂರು ಮಾತು ಹೇಳುತ್ತಾರೆ. ಯಾವ ಕಾಗದಕ್ಕೂ ಓದಿಸದೆ ಹೆಬ್ಬೆಟ್ಟು ಒತ್ತಬೇಡಿ. ಇಬ್ಬರು ಬೇರೆ ಬೇರೆಯವರಿಂದ ಓದಿಸಿ. ಒತ್ತುವ ಮೊದಲು ಕಾಗದ ಒಂದು ರಾತ್ರಿ ನಿಮ್ಮ ಮನೆಯಲ್ಲಿ ಮಲಗಲಿ. ಈ ಮೂರನ್ನೂ ಅವರಿಗೆ ಬಾಯಿಪಾಠ ಮಾಡಿಸಿದ್ದು ನಾನು, ಗೋದಾಮಿನ ಮಹಡಿಯ ಮೇಲೆ, ಮೇಜು ಕುಟ್ಟಿ.

ನನಗೆ ಸಿಟ್ಟು ಬಂತು. ಬರಬಾರದಿತ್ತು, ಬಂತು. ಇದು ಸಾಲದ ಪತ್ರವಲ್ಲ, ಕ್ರಯಪತ್ರವಲ್ಲ, ನಿಮ್ಮದೇ ಶಾಲೆಯ ಪತ್ರ, ಮೂರು ದಿನದಲ್ಲಿ ತಲುಪದಿದ್ದರೆ ಎರಡನೆಯ ವರ್ಷ ಸಿಗುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಕೊನೆಗೆ, "ನಿಮಗೆ ಆ ಮಾತು ಕಲಿಸಿದ ಹುಡುಗರಿಗೆ ಅದನ್ನು ಕಲಿಸಿದವನೇ ನಾನು" ಎಂದೂ ಅಂದುಬಿಟ್ಟೆ.

"ಅದಕ್ಕಾಗೇ ನಾವು ನಿಮ್ಮ ಮಾತು ಕೇಳಾಕ ಹತ್ತೀವಿ" ಎಂದರು ಇಮಾಂ ಸಾಬರು, ಬಲು ವಿನಯದಿಂದ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನನ್ನ ಬೇಳೆ ಅಲ್ಲಿ ಬೇಯಲಿಲ್ಲ.

ಈಗ ಇನ್ನೊಂದು ತೊಡಕು. ಕಾಗದ ಒಂದು, ಮನೆ ಮೂವತ್ತು. ಒಂದೊಂದು ಮನೆಯಲ್ಲೂ ಒಂದೊಂದು ರಾತ್ರಿ ಮಲಗಬೇಕೆಂದರೆ ತಿಂಗಳು ಬೇಕು. ಜಗಲಿಯ ಮೇಲೆ ದೊಡ್ಡ ಚರ್ಚೆಯಾಯಿತು. ಅದನ್ನು ಮುಗಿಸಿದ್ದು ಕಂಬಳಿಯ ಹೆಂಗಸು. ಹೆಸರು ಬಸವ್ವ, ಉಡುತಡಿಯವರು. "ಇವತ್ತು ನಮ್ಮ ಮನ್ಯಾಗ ಮಲಗ್ಲಿ. ನಮ್ಮೂರಾಗ ನಾಲ್ಕು ಮಂದಿ ಕೇಳ್ತಾರ" ಎಂದರು. ಕಾಗದವನ್ನು ಒಂಟಿಯಾಗಿ ಕಳಿಸಲು ನನಗೆ ಧೈರ್ಯವಾಗಲಿಲ್ಲ. ನಾನೂ ಬರುತ್ತೇನೆಂದೆ. ಹೆಸರು ಕೇಳಿದೊಡನೆ ಇವರೂ ನನ್ನ ಪಟ್ಟಿಯಲ್ಲಿದ್ದವರೇ ಎಂದು ತಿಳಿಯಿತು. ಮೂರನೆಯ ಪೊಟ್ಟಣ ಅವರದು.

ಉಡುತಡಿಗೆ ಅಲ್ಲಿಂದ ಮೂರ್ನಾಲ್ಕು ಮೈಲಿ. ಗಾಡಿಯಲ್ಲಿ ಹೋದೆವು. ಕೊಯ್ಲಾದ ಗದ್ದೆಗಳಲ್ಲಿ ಕುರಿಮಂದೆಗಳು. ಒಂದನ್ನು ತೋರಿಸಿ ನಮ್ಮದು ಎಂದರು ಬಸವ್ವ. ದಾರಿಯಲ್ಲಿ ತಮ್ಮ ಕತೆ ಹೇಳಿದರು. ಗಂಡ ತೀರಿಕೊಂಡ ಮೇಲೆ ಮೈದುನ ಒಂದು ಕಾಗದ ತಂದು, ಮೇವಿನ ಪರವಾನಗಿಯದು, ಒತ್ತು ಎಂದನಂತೆ. ಅದೃಷ್ಟಕ್ಕೆ ಮಾರನೆಯ ದಿನ ಸಂತೆ. ಜಗಲಿಯಲ್ಲಿ ನಮ್ಮವರು ಓದಿದಾಗ ಅದು ಎರಡು ಎಕರೆ ಹೊಲದ ಹಕ್ಕು ಬಿಟ್ಟುಕೊಟ್ಟ ಪತ್ರ. "ನಾನು ಒತ್ತಲಿಲ್ಲ. ಅಷ್ಟ. ಜಗಳ ಇಲ್ಲ, ಕೋರ್ಟು ಇಲ್ಲ. ಅವ್ನೂ ಸುಮ್ನಾದ. ಈಗ ನಮ್ಮ ಹೊಲಕ್ಕ ಅವ್ನೇ ನೀರು ಬಿಡ್ತಾನ." ಆ ಸಂತೋಷಕ್ಕೆ ಬಸವ್ವ ಕೈಯಾರೆ ನೂತ ಉಣ್ಣೆಯ ಎರಡು ಕಂಬಳಿಗಳನ್ನು ಶಾಲೆಗೆ ಕಳಿಸಿದ್ದರು. ಬೆಂಚುಗಳು ಬರುವ ತನಕ ನಮ್ಮ ವಿದ್ಯಾರ್ಥಿಗಳು ಕೂತದ್ದು ಅವುಗಳ ಮೇಲೆಯೇ. ಈಗ ಬೆಂಚು ಬಂದಿವೆ, ಒಂದು ಕಂಬಳಿಯನ್ನು ನಮ್ಮ ಅಣಕು ನ್ಯಾಯಾಲಯದ ನ್ಯಾಯಾಧೀಶರ ಕುರ್ಚಿಗೆ ಹಾಸುತ್ತೇವೆ ಎಂದು ಹೇಳಿದೆ. "ಚುಚ್ಚತೈತಲ್ಲರೀ ಅದು" ಎಂದರು. ಚುಚ್ಚಲಿ, ನಿದ್ದೆ ಬರುವುದಿಲ್ಲ ಎಂದೆ. ಗಾಡಿ ಹೊಡೆಯುವವನು ಎತ್ತು ನಿಲ್ಲಿಸಿ ನಕ್ಕ.

ರಾತ್ರಿಯ ಊಟಕ್ಕೆ ಜೋಳದ ರೊಟ್ಟಿ, ಗುರೆಳ್ಳಿನ ಚಟ್ನಿ, ಗಟ್ಟಿ ಮೊಸರು. ಮೂರು ರೊಟ್ಟಿ ತಿಂದೆ, ನಾಲ್ಕನೆಯದು ಬೇಡ ಎಂದು ಹೇಳಿ ತಿಂದೆ. ಬಸವ್ವ ಕಾಗದವನ್ನು ಎಲ್ಲಿ ಇಡುವುದೆಂದು ಮನೆಯೆಲ್ಲ ನೋಡಿದರು. ದೇವರ ಗೂಡಿನಲ್ಲಿ ಇಡಿ ಎಂದು ಸೂಚಿಸಿದೆ.

"ಅಲ್ಲಿ ಬ್ಯಾಡ್ರಿ. ಅಲ್ಲಿಟ್ರ ಕೈ ಮುಗೀಬೇಕಾಗ್ತೈತಿ. ತಪ್ಪು ಹುಡುಕಾಕ ಬರಂಗಿಲ್ಲ."

ತಮ್ಮ ತಲೆದಿಂಬಿನ ಕೆಳಗೆ ಇಟ್ಟುಕೊಂಡರು. ಪಡಸಾಲೆಯಲ್ಲಿ ನನಗೆ ಹಾಸಿಕೊಟ್ಟ ಕಂಬಳಿ ಚುಚ್ಚಿದ್ದು ನಿಜ.

ಬೆಳಿಗ್ಗೆ ರಾಗಿ ಅಂಬಲಿ ಕುಡಿಯುತ್ತಿದ್ದಾಗ ಬಸವ್ವ ಕಾಗದ ತಂದು ಮುಂದಿಟ್ಟರು. ನೆರೆಯ ಮೂರು ಮನೆಯವರೂ ಬಂದು ಕೂತಿದ್ದರು. ಹೊತ್ತು ಮೂಡುವ ಮೊದಲೇ ಊರಿನ ಹಳೆಯ ಮಾಸ್ತರರಿಂದ ಮತ್ತೊಮ್ಮೆ ಓದಿಸಿ, ಅರ್ಥ ಹೇಳಿಸಿಕೊಂಡಿದ್ದರು.

"ಇದ್ರಾಗ ಮೂರು ಮಾತು ಖರೇ ಇಲ್ಲರೀ" ಎಂದರು. "ಮೊದ್ಲು ಆ ಕತ್ತಲಿ ಮಾತು. ನನಗ ಓದಾಕ ಬರಂಗಿಲ್ಲ ಅಂತ ಬರೀರಿ, ಅದು ಖರೇ. ಮಂದೀ ಒಳಗಿನ ಒಂದೊಂದು ಕುರಿ ಮುಖ ನೋಡಿ ಯಾರ್ದು ಅಂತ ಹೇಳ್ತೀನಿ. ಕತ್ತಲದಾಗ ಇದ್ದೆ ಅಂತ ಬರೀಬ್ಯಾಡ್ರಿ."

ನಾನು ಪೆನ್ನು ತೆಗೆದು ಗೀಟು ಹಾಕಿದೆ.

"ಎರಡನೇದು, ವ್ಯಾಜ್ಯ ಗೆದ್ವಿ ಅಂತ ಬರ್ದೀರಿ. ನನ್ನ ಕೇಸೇ ಆಗಿಲ್ಲ. ಆಗದ ಕೇಸು ಗೆಲ್ಲೋದು ಹೆಂಗ? ಕೇಸು ಆಗಲಿಲ್ಲಲ್ಲ, ಅದ ನಿಮ್ಮ ಉಪಕಾರ."

ಇಪ್ಪತ್ತು ವರ್ಷ ವಕೀಲಿ ಮಾಡಿದವನಿಗೆ ಈ ವಾಕ್ಯ ಹೊಳೆದಿರಲಿಲ್ಲ. ಅದನ್ನು ಹಾಗೆಯೇ ಬರೆದುಕೊಂಡೆ.

"ಮೂರನೇದು, ಪುಕ್ಕಟೆ ಅಂದೀರಿ. ಪುಕ್ಕಟೆ ಎಲ್ಲಿ? ನಾನು ಕಂಬಳಿ ಕೊಟ್ಟೀನಿ. ಸಾಬ್ರು ಜಗಲಿ ಕೊಟ್ಟಾರ. ಕುಪ್ಪಗಡ್ಡೆಯವ್ರು ಅಕ್ಕಿ ಕಳಿಸ್ಯಾರಂತ. ನೀವು ಓದಿ ಹೇಳೀರಿ. ಕೊಡೋದು ಎರಡೂ ಕಡಿಂದ ಆಗೇತಿ. ಪುಕ್ಕಟೆ ಅಂದ್ರ ನಾವು ಬೇಡಾಕ ಬಂದಂಗ ಆಗ್ತೈತಿ."

ಕೃತಜ್ಞತೆ ಹೇಳಲು ಹೊರಟು ಬಂದವನು ನಾನು. ಅವರು ಕೊಟ್ಟ ನೆರವಿನ ಮಾತನ್ನೇ ಪತ್ರದಲ್ಲಿ ಎಲ್ಲೂ ಹಾಕಿರಲಿಲ್ಲ. ನಾಚಿಕೆಯಾಯಿತು. ಹೊಸ ಹಾಳೆ ತೆಗೆದೆ. ಅವರು ಹೇಳಿದರು, ನಾನು ಬರೆದೆ. ಮುಗಿದಾಗ ಪತ್ರ ಹೀಗಿತ್ತು:

"ನಮ್ಮಲ್ಲಿ ಕೆಲವರಿಗೆ ಓದು ಬರುವುದಿಲ್ಲ. ಶಿವಮೊಗ್ಗೆಯ ಕಾನೂನು ಶಾಲೆಯವರು ಸಂತೆಯ ದಿನ ಬಂದು ನಮ್ಮ ಕಾಗದ ಓದಿ ಹೇಳುತ್ತಾರೆ. ಅವರು ನಮ್ಮ ಯಾವ ಕೇಸನ್ನೂ ಗೆದ್ದುಕೊಟ್ಟಿಲ್ಲ. ಕೆಲವು ಕೇಸು ಆಗದಂತೆ ಮಾಡಿದ್ದಾರೆ. ನಾವು ಜಗಲಿ, ಕಂಬಳಿ, ಅಕ್ಕಿ, ಪುಸ್ತಕ ಕೊಟ್ಟಿದ್ದೇವೆ. ಅವರು ಓದು ಕೊಟ್ಟಿದ್ದಾರೆ. ಇನ್ನೂ ಓದಿಸಬೇಕಾದ ಕಾಗದಗಳು ನಮ್ಮ ಮನೆಗಳಲ್ಲಿ ಇವೆ. ಶಾಲೆ ಮುಂದುವರಿಯಲಿ."

ಓದಿ ಹೇಳಿದೆ. ಮಾಸ್ತರರೂ ಓದಿದರು. ಎಲ್ಲರ ಮುಖವೂ ಅರಳಿತು. ಆಸೆಯಿಂದ ಮಸಿಯ ಡಬ್ಬಿಯ ಮುಚ್ಚಳ ತೆಗೆದೆ.

"ಇದು ಹೊಸ ಕಾಗದ ಆತಲ್ಲರೀ" ಎಂದರು ಬಸವ್ವ. "ಇದೂ ಒಂದು ರಾತ್ರಿ ಮಲಗಬೇಕು."

ಈ ಸಲ ಸಿಟ್ಟು ಬರಲಿಲ್ಲ. ನಗು ಬಂತು. ಬಸವ್ವನೂ ಸೆರಗು ಬಾಯಿಗಿಟ್ಟು ನಕ್ಕರು, ಆದರೆ ಒತ್ತಲಿಲ್ಲ. ಪತ್ರದ ಒಂದು ಪ್ರತಿಯನ್ನು ಅವರಿಗೆ ಬರೆದುಕೊಟ್ಟೆ. ಉಡುತಡಿಯಲ್ಲಿ ಮನೆಯಿಂದ ಮನೆಗೆ ಮಲಗಿಸಿ, ಆಮೇಲೆ ಇಮಾಂ ಸಾಬರಿಗೆ ಮುಟ್ಟಿಸುತ್ತೇನೆ, ಅವರು ಉಳಿದ ಊರುಗಳಿಗೆ ಕಳಿಸಿ ಮತ್ತೆ ಶಿವಮೊಗ್ಗೆಗೆ ತಲುಪಿಸುತ್ತಾರೆ ಎಂದರು. ಎಷ್ಟು ದಿನವಾಗಬಹುದು ಎಂದು ಕೇಳಲಿಲ್ಲ. ಇನ್ನೊಂದು ಪ್ರತಿ ಚೀಲಕ್ಕೆ ಹಾಕಿಕೊಂಡು ಹೊರಟೆ. ಹೆಬ್ಬೆಟ್ಟು ಇನ್ನೂ ಸೊನ್ನೆ.

ಮಧ್ಯಾಹ್ನದ ಮೋಟಾರಿಗೆ ಶಿರಾಳಕೊಪ್ಪ ಬಿಟ್ಟು ಸೊರಬ ಸೇರಿದಾಗ ಎರಡೂವರೆ. ದಾರಿಯಲ್ಲಿ ಟೈರು ಒಮ್ಮೆ ಪಂಕ್ಚರು. ಕೆಳಗಿಳಿದು ಆಲದ ನೆರಳಿನಲ್ಲಿ ಕೂತು ಬಸವ್ವ ಕಟ್ಟಿಕೊಟ್ಟ ರೊಟ್ಟಿ ತಿಂದೆ. ಪಕ್ಕದಲ್ಲಿದ್ದ ಸೊರಬದ ಹೆಂಗಸೊಬ್ಬರು ಚಟ್ನಿಯ ರುಚಿ ನೋಡಿ, ಖಾರ ನಮ್ಮ ಕಡೆಯದಲ್ಲ ಎಂದು ಖಂಡಿತವಾಗಿ ಹೇಳಿದರು. ಸೊರಬದಲ್ಲಿ ಕುಪ್ಪಗಡ್ಡೆಯ ತಿಮ್ಮಪ್ಪನವರು ಗಾಡಿ ಕಳಿಸಿದ್ದರು. ದಾರಿಯ ದಂಡಾವತಿ ಹೊಳೆಯಲ್ಲಿ ನೀರು ಸಣ್ಣಗೆ ಹರಿಯುತ್ತಿತ್ತು. ಇಳಿಬಿಸಿಲಿನಲ್ಲಿ ಕಣಗಳ ತುಂಬ ಭತ್ತ ತೂರುವವರು, ಗಾಳಿಗೆ ಹಾರುವ ಹೊಟ್ಟು. ನನ್ನ ಕೋಟಿಗೆ ಇದೊಂದು ಬಾಕಿಯಿತ್ತು.

ತಿಮ್ಮಪ್ಪನವರು ಗೇಣಿದಾರರು. ಎಷ್ಟೋ ವರ್ಷ ಗೇಣಿ ಅಳೆದುಕೊಟ್ಟರೂ ಒಂದು ರಸೀತಿ ಪಡೆದವರಲ್ಲ. ನಮ್ಮವರು ಗೇಣಿಚೀಟಿ ಓದಿ ಅರ್ಥ ಹೇಳಿದ ಮೇಲೆ, ಒಡೆಯರ ಮುಂದೆ ನಿಂತು, ಜಗಳವಿಲ್ಲದೆ, ರಸೀತಿ ಕೇಳಿ ಪಡೆದರು. ಅಂದಿನಿಂದ ಹೊರಗೂರಿನ ವಿದ್ಯಾರ್ಥಿಗಳ ಊಟಕ್ಕೆ ಅಕ್ಕಿ ಕಳಿಸುತ್ತಿದ್ದಾರೆ. ಕೊನೆಯ ಪೊಟ್ಟಣವನ್ನು ಅವರ ಕೈಗಿಟ್ಟು ಕೃತಜ್ಞತೆ ಹೇಳಿದೆ. "ಅಕ್ಕಿಲಿ ಕಲ್ಲು ಇರ್ಲಿಲ್ಲ ಅಲ್ದಾ?" ಎಂದು ಕೇಳಿದರು. ಒಂದೂ ಇರಲಿಲ್ಲ ಎಂದೆ. ಆರಿಸಿದವರು ತಮ್ಮ ಹೆಂಡತಿ ಎಂದು ಒಳಬಾಗಿಲ ಕಡೆ ನೋಡಿದರು.

ಕಣದ ಕೆಲಸ ಮುಗಿಸಿ ಹತ್ತು ಹನ್ನೆರಡು ಮಂದಿ ಚಾವಡಿಗೆ ಬಂದರು. ಮೊದಲ ಓದು ನನ್ನದು. ಎರಡನೆಯವರು ಯಾರು ಎಂದು ಕೇಳಿದೆ. ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದವರು ತಿಮ್ಮಪ್ಪನವರ ಹೆಂಡತಿ ಗೌರಮ್ಮ. ಮಗಳು ಶಾಲೆಗೆ ಹೋಗುತ್ತಿದ್ದಾಗ ಅವಳ ಪುಸ್ತಕ ನೋಡಿ ಅಕ್ಷರ ಕಲಿತವರಂತೆ. ಇದುವರೆಗೆ ಮನೆಯಾಚೆ ಯಾರ ಮುಂದೆಯೂ ಓದಿದವರಲ್ಲ.

ಅವರು ಕಂಬಕ್ಕೆ ಒರಗಿ, ಕಾಗದವನ್ನು ಬೆಳಕಿಗೆ ಹಿಡಿದು, ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಒತ್ತಕ್ಷರ ಬಂದಾಗ ನಿಂತು ತುಟಿಯಲ್ಲೇ ಒಮ್ಮೆ ಹೇಳಿಕೊಂಡು ಆಮೇಲೆ ಗಟ್ಟಿಯಾಗಿ ಹೇಳುತ್ತಿದ್ದರು. ಹತ್ತು ಸಾಲಿಗೆ ಅರ್ಧ ಗಂಟೆ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ, ಯಾರೂ ಎತ್ತಿಕೊಡಲೂ ಇಲ್ಲ. "ಕೇಸು ಆಗದಂತೆ" ಎಂಬಲ್ಲಿಗೆ ಬಂದಾಗ ಮುಖವೆತ್ತಿ, "ಇದು ಹೌದು" ಎಂದು ಮತ್ತೆ ಬೆರಳಿಟ್ಟರು. ನನ್ನ ಹಳೆಯ ಪತ್ರವಾಗಿದ್ದರೆ ಈ ಹೆಂಗಸು ಮೊದಲ ಪದದಲ್ಲೇ ಸೋತು ಒಳಗೆ ಹೋಗುತ್ತಿದ್ದರಲ್ಲ ಎಂದುಕೊಂಡೆ. ಅವರು ಓದಿ ಮುಗಿಸಿದಾಗ ನನಗೆ ಆದಷ್ಟು ಸಂತೋಷ ನಮ್ಮ ಶಾಲೆ ಶುರುವಾದ ದಿನವೂ ಆಗಿರಲಿಲ್ಲ.

"ನಾವು ಒತ್ತದಿದ್ರೆ ಶಾಲೆ ಮುಚ್ತದಾ?" ಎಂದು ತಿಮ್ಮಪ್ಪನವರು ಕೇಳಿದರು.

ಇದ್ದದ್ದನ್ನು ಇದ್ದಂತೆ ಹೇಳಿದೆ. ನಾಡಿದ್ದು ಸಮಿತಿ, ಇಪ್ಪತ್ತೈದು ಬೇಕು, ಕೈಯಲ್ಲಿ ಒಂದೂ ಇಲ್ಲ, ಎರಡನೆಯ ವರ್ಷ ಸಿಗದೆ ಹೋಗಬಹುದು. ಒಬ್ಬರು ಮಸಿಯ ಡಬ್ಬಿಯ ಕಡೆ ನೋಡಿದರು. ಒಂದು ಮಾತು ಹೇಳಿದ್ದರೆ ಆಗಲೇ ಹತ್ತು ಹೆಬ್ಬೆಟ್ಟು ಬೀಳುತ್ತಿದ್ದವೆಂದು ನನಗೆ ಅನ್ನಿಸಿತು. ನಾಲಿಗೆಯ ತುದಿಗೂ ಬಂದಿತ್ತು. ನುಂಗಿಕೊಂಡೆ.

"ಹಾಗಾದ್ರೆ ಇನ್ನೂ ನೋಡಿಯೇ ಒತ್ತಬೇಕು ಮಾರಾಯ್ರೆ" ಎಂದರು ತಿಮ್ಮಪ್ಪ. "ಶಾಲೆ ಉಳಿಯೋ ಕಾಗದ. ಅವಸರಕ್ಕೆ ಒತ್ತಿದ್ದು ಅಂತ ನಾಳೆ ಯಾರೂ ಅನ್ನಬಾರ್ದು. ಇವತ್ತು ನಮ್ಮನೇಲಿ ಮಲಗ್ತದೆ. ನೀವೂ ಮಲಗಿ."

ಬಿಸಿ ಕಡುಬು, ಕಾಯಿ ಚಟ್ನಿ ತಿಂದು ಮಲಗಿದೆ. ಚಿಂತೆಯಿಂದ ನಿದ್ದೆ ಬರುವುದಿಲ್ಲವೆಂದುಕೊಂಡಿದ್ದೆ, ಬೆಳಗಾದದ್ದೇ ತಿಳಿಯಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಆ ಮನೆಯ ಐದು ಮಂದಿ ಒತ್ತಿದರು. ಐದರಲ್ಲಿ ನಾಲ್ಕು ಹೆಬ್ಬೆಟ್ಟು, ಒಂದು ರುಜು. ರುಜು ಗೌರಮ್ಮನವರದು. ಪೆನ್ನನ್ನು ಸೌಟಿನಂತೆ ಹಿಡಿದು ಬರೆದು, ಮಸಿ ಒಣಗುವವರೆಗೂ ಕಾಗದ ಕೊಡಲಿಲ್ಲ. ಉಳಿದವರಿಗೆ ತಮ್ಮ ತಮ್ಮ ಮನೆಯ ರಾತ್ರಿ ಬೇಕು. ಅವರಿಗೂ ಒಂದು ಪ್ರತಿ ಬರೆದುಕೊಟ್ಟು ಗಾಡಿ ಹತ್ತಿದೆ. ಸೊರಬದಿಂದ ಸಾಗರಕ್ಕೆ ಮೋಟಾರು, ಸಾಗರ ಜಂಬಗಾರು ಸ್ಟೇಷನ್ನಿನಿಂದ ರೈಲು. ರೈಲಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ಕಾಗದ ತೆಗೆದು ಮತ್ತೆ ಮತ್ತೆ ನೋಡಿದೆ. ಎಷ್ಟು ಸಲ ನೋಡಿದರೂ ಐದೇ. ಇಪ್ಪತ್ತೆರಡು ಮಂದಿ ವಿದ್ಯಾರ್ಥಿಗಳ ಮುಖಗಳು ಒಂದಾದ ಮೇಲೊಂದು ಕಣ್ಣ ಮುಂದೆ ಬಂದವು. ಅವರಿಗೆ ಏನು ಹೇಳುವುದೆಂದು ಶಿವಮೊಗ್ಗೆಯವರೆಗೂ ತೋಚಲಿಲ್ಲ.

ಮರುದಿನ ಸಮಿತಿ. ಅಧ್ಯಕ್ಷರು ಪತ್ರವನ್ನು ಓದಿ, ಹಿಂದೆ ಮುಂದೆ ತಿರುಗಿಸಿ, "ಐದೇ?" ಎಂದರು. "ಉಳಿದವರು ಒಪ್ಪಲಿಲ್ಲವೇ?"

ನಾನು ನಡೆದದ್ದನ್ನು ಮೊದಲಿನಿಂದ ಹೇಳಿದೆ. ನನ್ನ ಹಳೆಯ ಪತ್ರವನ್ನೂ, ಬಸವ್ವನ ಮೂರು ತಕರಾರುಗಳನ್ನೂ, ಸಂತೆಯಲ್ಲಿ ಸಿಟ್ಟು ಮಾಡಿಕೊಂಡದ್ದನ್ನೂ ಬಿಡಲಿಲ್ಲ. ಅವರು ಅಡ್ಡ ಮಾತಾಡದೆ ಕೇಳಿದರು.

"ಆ ಪ್ರತಿಗಳು ಈಗ ಎಲ್ಲಿವೆ?"

"ಯಾರ ಮನೆಯಲ್ಲಿ ಮಲಗಿವೆಯೋ ಗೊತ್ತಿಲ್ಲ ಸ್ವಾಮಿ."

ಅವರು ಕನ್ನಡಕ ತೆಗೆದರು. "ನನ್ನ ಕೋರ್ಟಿನಲ್ಲಿ ಜೀವನವೆಲ್ಲ ಓದಿಸದೆ ಒತ್ತಿದ ಹೆಬ್ಬೆಟ್ಟುಗಳ ಕೇಸು ಕೇಳಿದ್ದೇನೆ. ನೀವು ನಾಲ್ಕು ದಿನದಲ್ಲಿ ಇಪ್ಪತ್ತೈದು ಒತ್ತಿಸಿಕೊಂಡು ಬಂದಿದ್ದರೆ ನಿಮ್ಮ ಶಾಲೆ ಏನೂ ಕಲಿಸಿಲ್ಲ ಎಂದು ಇವತ್ತೇ ಬರೆಯುತ್ತಿದ್ದೆ. ಕಾಗದ ಸುತ್ತಿ ಬರಲಿ. ಸಮಿತಿ ಕಾಯುತ್ತದೆ" ಎಂದರು. ನಕ್ಕರೋ ಇಲ್ಲವೋ ಖಚಿತವಾಗಿ ಹೇಳಲಾರೆ.

ಐದು ವಾರ ಕಾದೆವು. ಕುಪ್ಪಗಡ್ಡೆಯ ಪ್ರತಿ ಮೊದಲು ಬಂತು. ಒಂದು ಬೆಳಿಗ್ಗೆ ಶಿರಾಳಕೊಪ್ಪದ ಮೋಟಾರಿನ ಕಂಡಕ್ಟರು ಹತ್ತಿಯಲ್ಲಿ ಸುತ್ತಿದ ಒಂದು ಕಟ್ಟು ತಂದುಕೊಟ್ಟ, ಇಮಾಂ ಸಾಬರದು. ಒಳಗಿನ ಪ್ರತಿಯ ಮಡಿಕೆ ಹರಿದು, ಅರಿಸಿನ ತಗುಲಿ, ಒಂದು ಮೂಲೆ ಸುಟ್ಟಿತ್ತು. ಎರಡೂ ಸೇರಿ ಮೂವತ್ತೊಂಬತ್ತು ಹೆಬ್ಬೆಟ್ಟು. ಇಮಾಂ ಸಾಬರ ಪ್ರತಿಯಲ್ಲಿ ಒಂದೊಂದರ ಪಕ್ಕದಲ್ಲೂ ಯಾರ ಮನೆಯಲ್ಲಿ ಮಲಗಿತೆಂದು ತಂಬಾಕಿನ ಅಂಗಡಿಯವರ ಕೈಬರಹ. ಎರಡು ಹೆಸರುಗಳ ಮುಂದೆ ಮಾತ್ರ ಮಸಿಯ ಗುರುತಿಲ್ಲ. ಅಲ್ಲಿ ಹೀಗೆ ಬರೆದಿತ್ತು: "ಇವರ ಮನೆಯಲ್ಲಿ ಮಲಗಿತು. ಓದಿಸಿ ಕೇಳಿದರು. ಒಪ್ಪಲಿಲ್ಲ."

ಎರಡನೆಯ ವರ್ಷದ ಮಂಜೂರಾತಿ ಬಂದ ದಿನ ಮಹಡಿಯ ಮೇಲೆ ಕಡಲೆಕಾಯಿ, ಬೆಲ್ಲ ಹಂಚಿದೆವು. ಎಲ್ಲ ಹಿತೈಷಿಗಳಿಗೂ ಕೃತಜ್ಞತೆಯ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಈ ಸಲ ಸಣ್ಣ ವಾಕ್ಯಗಳಲ್ಲಿ ಬರೆದೆ. ಮೊದಲನೆಯ ಎರಡು ಪತ್ರಗಳನ್ನು ಒತ್ತದ ಆ ಇಬ್ಬರಿಗೆ ಕಳಿಸಿದೆ.